ತಿರುವಿನಲ್ಲಿ ನಿಂತ ದಸ್ತಗೀರ

ಬಲು ಹಿಂದೆ, ಬೆಟ್ಟದ ನೆತ್ತಿಯ ಮೇಲೊಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ರಸ್ತೆಗೆ ಟಾರು ಬಂದಿತ್ತು, ಹಳ್ಳಕ್ಕೆ ಸೇತುವೆ ಬಂದಿರಲಿಲ್ಲ, ಅಷ್ಟೇ ನನಗೆ ಗೊತ್ತು. ಆ ಊರಲ್ಲಿ ದಸ್ತಗೀರ ಅಂತ ಒಬ್ಬ ಮೆಕ್ಯಾನಿಕ್ಕು ಇದ್ದ. ಗಾಡಿಯ ಕೆಮ್ಮು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದನಂತೆ. ಎಂಥ ಗಾಡಿಗೂ ಬೆನ್ನು ತೋರಿಸುತ್ತಿರಲಿಲ್ಲವಂತೆ. ಬಂದ ನೆಂಟರ ಎದುರು ಕೂತ ಹಾಗೆ, ಅದಕ್ಕೆ ಮುಖ ಕೊಟ್ಟು ಕೂತೇ ಕೆಲಸ ಮಾಡುತ್ತಿದ್ದನಂತೆ.

ಅದೇ ಊರಲ್ಲಿ ಓಬಕ್ಕ ಅಂತ ಒಬ್ಬಳಿದ್ದಳು. ತೀರಿಹೋದ ಗಂಡನ ಹಳೇ ಪಿಕಪ್ಪು ಅವಳದು. ಬಸುರಿಯರಿಂದ ಹಿಡಿದು ಬದನೆಕಾಯಿ ಮೂಟೆಯವರೆಗೆ ಎಲ್ಲವನ್ನೂ ಅವಳೇ ಪೇಟೆಗೆ ಇಳಿಸಬೇಕು. ದಾರಿಯಲ್ಲಿ ಹಳ್ಳ ರಸ್ತೆಯ ಮೇಲೇ ಹರಿಯುತ್ತಿತ್ತು. ದಾಟಿದ ಕೂಡಲೇ ಕಡಿದಾದ ಇಳಿಜಾರು, ಅದರ ಕೊನೆಗೊಂದು ತಿರುವು, ತಿರುವಿನಾಚೆ ಪ್ರಪಾತ. ಗಾಡಿಯದು ಹಳೇ ಡ್ರಮ್ ಬ್ರೇಕು, ಚಕ್ರದೊಳಗಿನ ಡಬ್ಬಿಯಲ್ಲಿ ಹಿಡಿಯುವಂಥದು. ಡ್ರಮ್ಮಿನೊಳಗೆ ನೀರು ಹೊಕ್ಕರೆ ಹಿಡಿತ ತಪ್ಪುತ್ತದೆ.

ಒಂದು ದಿನ ತಪ್ಪಿತು. ಓಬಕ್ಕ ಗಾಡಿಯನ್ನು ಪಕ್ಕದ ಹುತ್ತಕ್ಕೆ ಗುದ್ದಿಸಿ ನಿಲ್ಲಿಸಿದಳಂತೆ. ಯಾರಿಗೂ ಏನೂ ಆಗಲಿಲ್ಲ, ಹಾವು ಮಾತ್ರ ಬೈದುಕೊಂಡು ಆಚೆ ಹೋಯಿತಂತೆ. ಊರವರು ಇನ್ನು ಆ ಗಾಡಿ ಹತ್ತುವುದಿಲ್ಲ, ಗುಜರಿಗೆ ಹಾಕು ಅಂದುಬಿಟ್ಟರು. ಗಾಡಿ ಹೋದರೆ ಅವಳ ಅನ್ನವೇ ಹೋದ ಹಾಗೆ.

ದಸ್ತಗೀರ ಮುಂದಿನ ಚಕ್ರ ಬಿಚ್ಚಿ ನೋಡಿ, ಡ್ರಮ್ಮು ಸಾಕು, ಡಿಸ್ಕ್ ಹಾಕೋಣ ಅಂದ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ನೀರು ಬಿದ್ದರೂ ಕೊಡವಿಕೊಳ್ಳುತ್ತದೆ. ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವುದಕ್ಕೆ ಕ್ಯಾಲಿಪರ್ ಇರುತ್ತದೆ. ಉಣ್ಣೋ ತಟ್ಟೆ ಗಾಡಿ ನಿಲ್ಲಿಸುತ್ತಾ ಅಂತ ಊರೇ ನಕ್ಕಿತು. ಆ ತಟ್ಟೆಗಳನ್ನು ಅವನು ರೊಟ್ಟಿ ಹೆಂಚು ತಟ್ಟಿ ಮಾಡಿದ ಅಂತಾರೆ. ದರ್ಗಾದ ಹಿಂದೆ ಸಿಕ್ಕವು ಅಂತಲೂ ಅಂತಾರೆ. ಎಲ್ಲ ಬುರುಡೆ. ಗುಜರಿಗೆ ಬಿದ್ದ ವ್ಯಾನಿನಿಂದ ಬಿಚ್ಚಿ ಗೋಣಿಚೀಲದಲ್ಲಿ ಹೊತ್ತು ತಂದ. ನಮ್ಮಜ್ಜಿ ಕಣ್ಣಾರೆ ಕಂಡವಳು.

ದಪ್ಪ ಕಬ್ಬಿಣ ಕೊಯ್ದು ಕ್ಯಾಲಿಪರ್ ಹಿಡಿಯುವ ಪಟ್ಟಿ ಮಾಡಿದ, ಕೂರಿಸಿದ, ಬಿಗಿದ. ಎಲ್ಲ ಆಯಿತು, ಪೆಡಲ್ ಮಾತ್ರ ಬೆಣ್ಣೆಗೆ ಕಾಲಿಟ್ಟ ಹಾಗೆ ಇಳಿಯುತ್ತದೆ. ಬ್ರೇಕ್ ಆಯಿಲಿನೊಳಗೆ ಗಾಳಿ ಸಿಕ್ಕಿಕೊಂಡಿತ್ತು. ಓಬಕ್ಕ ಸೀಟಿನಲ್ಲಿ ಕೂತು ತುಳಿಯುವುದು, ಅವನು ಕ್ಯಾಲಿಪರಿನ ಪುಟ್ಟ ನಿಪ್ಪಲ್ ಸಡಿಲಿಸಿ ಗಾಳಿ ಬಿಡುವುದು. ಮೂರು ದಿನ ತುಳಿದಳು, ಮೂರು ದಿನ ಬಿಟ್ಟ. ಗಾಳಿ ಹೋಗಲೊಲ್ಲದು. ನಾಲ್ಕನೇ ದಿನ ಅವನು, ಈಗ ಎಡಗಡೆಯದು ಬಿಡ್ತೀನಿ ತುಳಿ ಅಂದ. ಓಬಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು.

“ಏನಣ್ಣಾ, ಎಡ ಅಂತೀಯ, ನನ್ ಬಲಗಡೆ ಕುಂತಿದೀಯಲ್ಲ!”

ದಸ್ತಗೀರನ ಕೈಯಿಂದ ಸ್ಪ್ಯಾನರು ಬಿತ್ತು. ಗಾಡಿಗೆ ಎದುರಾಗಿ ಕೂತವನ ಎಡ ಗಾಡಿಗೆ ಬಲ. ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಬಿಟ್ಟಿದ್ದ. ಮೇಲಿರಬೇಕಾದ ನಿಪ್ಪಲ್ ಕೆಳಗಾಗಿತ್ತು, ಗಾಳಿ ಮೇಲೇ ಹಾಯಾಗಿ ಕೂತಿತ್ತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕನಂತೆ. ಅದಲುಬದಲು ಮಾಡಿದ, ಗಾಳಿ ಗುಳುಗುಳು ಅಂತ ಹೊರಬಿತ್ತು, ಪೆಡಲ್ ಕಲ್ಲಾಯಿತು.

ಆದರೂ ಯಾರೂ ಹತ್ತಲಿಲ್ಲ. ಎಡಬಲ ಗೊತ್ತಿಲ್ಲದವನು ಕಟ್ಟಿದ ಬ್ರೇಕು ಅಂತ ಆಡಿಕೊಂಡರು. ದಸ್ತಗೀರ ನಡೆದುಹೋಗಿ, ಆ ತಿರುವಿನಲ್ಲಿ ರಸ್ತೆಯ ನಟ್ಟನಡುವೆ ನಿಂತ. ಒಬ್ಬಳೇ ಹೊರಟ ಓಬಕ್ಕ ಹಳ್ಳ ದಾಟಿದ ಮೇಲೆ ಅವನನ್ನು ಕಂಡಳು. ಹಾರನ್ ಹೊಡೆದಳು, ಕೂಗಿದಳು. ಅವನು ಕದಲಲಿಲ್ಲವಂತೆ. ಚಕ್ರಗಳಿಂದ ಇನ್ನೂ ನೀರು ಸುರಿಯುತ್ತಿತ್ತು. ತುಳಿದಳು. ಗಾಡಿ ಅವನ ಎದೆಗೆ ಒಂದು ಗೇಣು ಬಿಟ್ಟು ನಿಂತಿತಂತೆ. ಒಂದು ಬೆರಳು ಅಂತಲೂ ಅಂತಾರೆ. ವರ್ಷ ವರ್ಷಕ್ಕೂ ಅದು ಕಡಿಮೆಯಾಗುತ್ತಿದೆ.

ಓಬಕ್ಕ ಇಳಿದು ಬಂದು ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತ ಬೈಯುತ್ತ ಅತ್ತಳು. ಮಾರನೇ ದಿನ ಅವಳ ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ.

ಈಗ ಓಬಕ್ಕನೂ ಇಲ್ಲ, ದಸ್ತಗೀರನೂ ಇಲ್ಲ. ಆದರೆ ಇವತ್ತಿಗೂ ನಮ್ಮ ಕಡೆ ಯಾವ ಗಾಡಿಯ ಬ್ರೇಕು ರಿಪೇರಿಯಾದರೂ, ಅದು ಮೊದಲ ಸಲ ಇಳಿಜಾರು ಇಳಿಯುವಾಗ ರಿಪೇರಿ ಮಾಡಿದವನು ಆ ತಿರುವಿಗೆ ಹೋಗಿ ನಿಲ್ಲುತ್ತಾನೆ. ಯಾರೂ ಬಲವಂತ ಮಾಡುವುದಿಲ್ಲ, ತಾನೇ ಹೋಗುತ್ತಾನೆ. ಅದಕ್ಕೇ ನಮ್ಮಲ್ಲಿ ಬ್ರೇಕಿನ ಕೆಲಸಕ್ಕೆ ಬೇರೆ ಕಡೆಗಿಂತ ಎರಡು ದಿನ ಹೆಚ್ಚು ಹಿಡಿಯುತ್ತದೆ. ಯಾರೂ ಅವಸರ ಮಾಡುವುದಿಲ್ಲ.