ಜಟ್ಟಿ ಎಸೆದ ಇಟ್ಟಿಗೆ

ಭೌತಶಾಸ್ತ್ರ ಕಲಿಸುವ ಗುರುಗಳ ಮುಂದೆ ಶಿಷ್ಯೆ ದಾಕ್ಷಾಯಿಣಿ ಪುಸ್ತಕವನ್ನು ದೊಪ್ಪನೆ ಹಾಕಿದಳು.

"ಗುರುಗಳೇ, ಸೂತ್ರಗಳೆಲ್ಲ ಬಾಯಿಪಾಠವಾಗಿವೆ. ಆದರೂ ಎಸೆದ ಕಲ್ಲಿನ ಲೆಕ್ಕ ಒಂದನ್ನೂ ಬಿಡಿಸಲಾಗುತ್ತಿಲ್ಲ. ಒಮ್ಮೆ ನನ್ನ ಕಲ್ಲು ಊರಾಚೆ ಬೀಳುತ್ತದೆ, ಇನ್ನೊಮ್ಮೆ ನೆಲವನ್ನೇ ಬಿಡುವುದಿಲ್ಲ. ನನ್ನಲ್ಲಿ ಏನು ಕಡಿಮೆಯಿದೆ?"

ಆ ವಾರ ಈ ಪ್ರಶ್ನೆ ಗುರುಗಳ ಕಿವಿಗೆ ಬಿದ್ದದ್ದು ಅದು ಏಳನೆಯ ಸಲ. ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಬ್ಬ ಗಾರೆ ಕೆಲಸದವನಿದ್ದ. ಅವನು ಗಳು ಕಟ್ಟಿ ಎತ್ತರಿಸಿದ ಸಾರವೆಯ ಮೇಲೆ ನಿಂತು ಗೋಡೆ ಕಟ್ಟುವನು. ಹೆಂಡತಿ ಕೆಳಗೆ ನಿಂತು ಅವನ ಕೈಗೆ ಇಟ್ಟಿಗೆ ಎಸೆಯುವಳು. ಒಂದು ದಿನ ಅವಳ ಭುಜ ಉಳುಕಿತು. ಅವಳ ಜಾಗಕ್ಕೆ ಒಬ್ಬ ಜಟ್ಟಿ ಬಂದ. ಗರಡಿ ಮುಚ್ಚಿಹೋಗಿ ಕೆಲಸವಿಲ್ಲದೆ ಕುಳಿತಿದ್ದವನು. ಹೆಂಗಸು ಮಾಡುವ ಕೆಲಸ ತನಗೇನು ಮಹಾ ಎಂದುಕೊಂಡ.

ಮೊದಲ ಇಟ್ಟಿಗೆ ಗುಂಡಿನಂತೆ ಹೋಗಿ ಗಾರೆಯವನ ಬೆರಳು ಜಜ್ಜಿತು. ಎರಡನೆಯದು ಗೋಡೆಗೆ ಬಡಿದು ಪುಡಿಯಾಯಿತು. ಜಟ್ಟಿ ಬಲ ತಗ್ಗಿಸಿದ. ಇಟ್ಟಿಗೆ ಅರ್ಧದಿಂದಲೇ ವಾಪಸು ಬಂತು. ಬಲ ಏರಿಸಿದ, ಗೋಡೆ ದಾಟಿ ಆಚೆ ಬಿತ್ತು. ದಾರಿಹೋಕರು ನಿಂತು ಬುದ್ಧಿ ಹೇಳತೊಡಗಿದರು. ಮೊಣಕಾಲು ಬಗ್ಗಿಸು ಎಂದ ಒಬ್ಬ, ಉಸಿರು ಹಿಡಿ ಎಂದ ಇನ್ನೊಬ್ಬ. ಜಟ್ಟಿ ಎಲ್ಲವನ್ನೂ ಒಟ್ಟಿಗೇ ಮಾಡಿದ. ಆ ಇಟ್ಟಿಗೆ ಕುಡಿಯುವ ನೀರಿನ ಮಡಕೆ ಒಡೆಯಿತು.

ಕಲಸಿದ ಗಾರೆ ಮೇಲೆ ಒಣಗುತ್ತಿತ್ತು. "ನೀನು ಮನೆಗೆ ಹೋಗು ಮಾರಾಯ!" ಎಂದು ಗಾರೆಯವನು ಕೂಗಿದ. "ಅವಳೇ ಎಡಗೈಯಲ್ಲಿ ಎಸೆಯಲಿ."

ನೆರಳಲ್ಲಿ ಕುಳಿತಿದ್ದ ಹೆಂಡತಿ ಭುಜ ಹಿಡಿದುಕೊಂಡೇ ಎದ್ದು ಬಂದಳು. ನೋವಿಗೆ ಅವಳ ಮುಖ ಕಿವುಚಿದ್ದನ್ನು ಕಂಡು ಜಟ್ಟಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಗಿ ಹೊರಬಂತು.

"ಎಷ್ಟು ಬಲ ಹಾಕಬೇಕು, ಅದೊಂದು ಹೇಳಿಬಿಡಮ್ಮ!"

"ಬಲದ ಮಾತು ಆಮೇಲಣ್ಣ. ನೀನೆಸೆದ ಇಟ್ಟಿಗೆ ಅವರ ಕೈಯ ಹತ್ತಿರ ಹೋದಾಗ ಏನು ಮಾಡುತ್ತಿತ್ತು?"

ಜಟ್ಟಿಗೆ ಗೊತ್ತಿರಲಿಲ್ಲ. ಇಷ್ಟು ಹೊತ್ತೂ ಅವನು ತನ್ನ ತೋಳಿನ ಮೇಲೆಯೇ ಗಮನವಿಟ್ಟಿದ್ದ.

ಅವಳು ಅವನನ್ನು ಗೋಡೆಯಿಂದ ದೂರ ಕರೆದೊಯ್ದಳು. ನೇರ ಮೇಲಕ್ಕೆ ಎಸೆಯಲು ಹೇಳಿದಳು. ಸಾರವೆಯ ಎತ್ತರಕ್ಕೆ ಇಟ್ಟಿಗೆಯ ಏರಿಕೆ ಮುಗಿಯಬೇಕು, ಅಷ್ಟೇ. ಜಟ್ಟಿ ಗೊಣಗುತ್ತ ಎಸೆದ, ಪಕ್ಕಕ್ಕೆ ಸರಿದ, ಮತ್ತೆ ಎಸೆದ. ಮೇಲಿನಿಂದ ಗಾರೆಯವನು ಬೈಯುತ್ತಲೇ ಇದ್ದ. ಹತ್ತು ಹನ್ನೆರಡು ಸಲವಾದ ಮೇಲೆ, ಏರಿದ ಇಟ್ಟಿಗೆ ದಣಿದು ಕ್ಷಣ ನಿಂತಂತಾಗುವುದು ಅವನ ಕಣ್ಣಿಗೆ ಬಿತ್ತು.

"ಕಂಡಿತೇ? ಅದು ಏರಿ ನಿಲ್ಲುವಷ್ಟರಲ್ಲಿ ಗೋಡೆಯ ತನಕ ನಡೆದಿರಬೇಕು. ಏರಿಕೆಯನ್ನು ಕೆಡಿಸಬೇಡ. ಜೊತೆಗೆ ಮುಂದಕ್ಕೆ ಒಂಚೂರು ಕೊಡು."

ಜಟ್ಟಿ ಗೋಡೆಯ ಬಳಿ ಬಂದು ಎಸೆದ. ಒಂದು ಗೇಣು ಹಿಂದಾಯಿತು. ಮತ್ತೆ ಎಸೆದ. ಈ ಸಲ ಇಟ್ಟಿಗೆ ಯಾರೋ ತಂದಿಟ್ಟಂತೆ ಗಾರೆಯವನ ಅಂಗೈಯಲ್ಲಿ ಕುಳಿತಿತು. ಅವನು ಬೈಯುವುದನ್ನು ಅಲ್ಲಿಗೇ ಬಿಟ್ಟು, ಅದನ್ನು ಗಾರೆಯ ಮೇಲಿಟ್ಟು, ಮುಂದಿನದಕ್ಕೆ ಕೈ ಚಾಚಿದ. ಹೆಂಡತಿ ಮರಳಿ ನೆರಳಿಗೆ ಹೋದಳು.

ಗುರುಗಳು ಕತೆ ಮುಗಿಸಿದರು. ದಾಕ್ಷಾಯಿಣಿ ಲಗುಬಗೆಯಿಂದ ಪುಸ್ತಕ ತೆರೆದಳು.

"ತಿಳಿಯಿತು ಗುರುಗಳೇ. ಹಾಗಾದರೆ ಮೊದಲು ಯಾವ ಸೂತ್ರ ಹಾಕಲಿ?"

ಗುರುಗಳು ನಿಟ್ಟುಸಿರಿಟ್ಟರು.

"ಸೂತ್ರ ಹಾಗಿರಲಿ ತಾಯಿ, ನಿನ್ನ ಕಲ್ಲು ಈಗ ಏರುತ್ತಿದೆಯೋ, ಇಳಿಯುತ್ತಿದೆಯೋ?"

ದಾಕ್ಷಾಯಿಣಿ ಪುಸ್ತಕ ಮುಚ್ಚಿ, ಕಲ್ಲಿನ ದಾರಿಯನ್ನು ಬೆರಳಿನಿಂದ ಗಾಳಿಯಲ್ಲಿ ಗೀಚತೊಡಗಿದಳು.