ಶ್ರಾವಣಕ್ಕೆ ಬಿದ್ದ ಕಟ್ಟಳೆ

ಶಿಷ್ಯ ಕೇಳಿದ: “ಅವ್ವಾ, ಜೀವಿಗಳ ವಿದ್ಯೆ ಕಲಿತವರ ಪರವಾಗಿ ನಾಳೆ ದೊರೆಯ ಸಭೆಗೆ ಹೋಗುತ್ತಿದ್ದೇನೆ. ಅಲ್ಲಿ ಮೊದಲು ಏನು ಕೇಳಲಿ?”

ಅವ್ವ ದನಿ ತಗ್ಗಿಸಿದಳು. “ಬಾಗಿಲು ಮುಂದಕ್ಕೆ ಮಾಡಿ ಬಾ. ಹೇಳುತ್ತೇನೆ, ಆದರೆ ಹೊಸಿಲಾಚೆ ಬಾಯಿ ಬಿಟ್ಟೀಯೆ, ಜೋಕೆ. ಈ ಕತೆಯಲ್ಲಿ ಬರುವವರ ಮನೆತನದವರು ಇನ್ನೂ ತಲೆಯೆತ್ತಿಕೊಂಡೇ ತಿರುಗುತ್ತಿದ್ದಾರೆ.”

ಒಂದು ಕೆರೆಯ ಊರು. ಅಲ್ಲೊಬ್ಬ ಪಂಡಿತೆ. ಮೂವತ್ತು ವರ್ಷ ಮೀನುಗಳನ್ನೇ ಓದಿದವಳು. ಮೃಗಶಿರಾ ಮಳೆ ಬಿದ್ದೊಡನೆ ಬಸುರಿ ಮೀನುಗಳು ಕೆರೆ ಬಿಟ್ಟು, ಎದುರು ನೀರಿನಲ್ಲಿ ಹಳ್ಳ ಹತ್ತಿ ಮೊಟ್ಟೆಯಿಡುತ್ತವೆ ಎಂದು ಕಂಡುಕೊಂಡಿದ್ದಳು. ಆ ಹದಿನೈದು ದಿನ ಹಳ್ಳಕ್ಕೆ ಬಲೆ ಬೀಳದಿದ್ದರೆ ವರ್ಷವಿಡೀ ಕೆರೆ ತುಂಬ ಮೀನು. ಊರಿನ ಮೀನು ಸಾಹುಕಾರನೋ, ಸರಿಯಾಗಿ ಆಗಲೇ ಹಳ್ಳದ ಬಾಯಿಗೆ ಬಲೆ ಕಟ್ಟಿಸುತ್ತಿದ್ದ. ಪಟ್ಟಣದವರಿಗೆ ಮೊಟ್ಟೆ ತುಂಬಿದ ಮೀನೇ ಆಗಬೇಕಿತ್ತಲ್ಲ!

ಪಂಡಿತೆಯ ಪಕ್ಕದ ಮನೆಯಲ್ಲಿ ಒಬ್ಬ ಬೆಸ್ತರ ಹೆಂಗಸು ಇದ್ದಳು. ವರ್ಷದಿಂದ ವರ್ಷಕ್ಕೆ ಅವಳ ಬುಟ್ಟಿ ಹಗುರವಾಯಿತು. ಅವಳು ಕೇರಿಯವರನ್ನು ಕೂಡಿಸಿಕೊಂಡು ಬಂದಳು. “ಅಕ್ಕಾ, ನಾವು ಹೇಳಿದರೆ ಸಭೆಯವರು ನಗುತ್ತಾರೆ. ನೀನು ಓದಿದವಳು. ಆ ಹದಿನೈದು ದಿನ ಬಲೆ ನಿಲ್ಲಿಸಿರೆಂದು ನೀನೇ ಹೋಗಿ ಹೇಳು” ಎಂದಳು. ಕೇರಿಯವರೇ ಗಾಡಿ ಹೂಡಿ ಕಳಿಸಿಕೊಟ್ಟರು.

ಸಭೆಯಲ್ಲಿ ಪಂಡಿತೆಗೆ ಮಣೆ ಹಾಕಿದರು. ಶಾಲು ಹೊದಿಸಿದರು. “ವಿದ್ಯೆಗೆ ಏನಾಗಬೇಕು, ಅಪ್ಪಣೆಯಾಗಲಿ” ಎಂದ ಮಂತ್ರಿ. ಆಕೆ ಮೊದಲು ಕೇಳಿದ್ದು ಏನು ಗೊತ್ತೆ? ಗಾಜಿನ ತೊಟ್ಟಿಗಳಿರುವ ಒಂದು ಅಧ್ಯಯನ ಮಂದಿರ. ಮಂತ್ರಿ ಮರುಮಾತಾಡದೆ ಒಪ್ಪಿದ. ಒಪ್ಪಿ ಮೆಲ್ಲಗೆ ಅಂದ: “ಬಲೆ ಬೀಸುವುದಕ್ಕೂ ಒಂದು ತಿಂಗಳ ತಡೆ ಹಾಕುತ್ತಿದ್ದೇವೆ. ಶ್ರಾವಣದಲ್ಲಿ. ತಮ್ಮ ಒಪ್ಪಿಗೆ ಇದೆ ತಾನೆ?”

ಶ್ರಾವಣವಂತೆ! ಆ ತಿಂಗಳು ಆ ಊರಲ್ಲಿ ಯಾರ ಒಲೆಯ ಮೇಲೆ ಮೀನು ಬೇಯುತ್ತದೆ? ಮನೆಮನೆಗೂ ವ್ರತ. ಬಲೆಗಳೆಲ್ಲ ಯಾರೂ ಹೇಳದೆಯೇ ಗೂಟಕ್ಕೆ ಏರಿರುತ್ತವೆ. ಅಷ್ಟರಲ್ಲಿ ಮೀನು ಮೊಟ್ಟೆಯಿಡುವ ಕಾಲವೂ ಕಳೆದಿರುತ್ತದೆ. ಸಾಹುಕಾರ ಮಂತ್ರಿಯ ಬೆನ್ನಿಗೇ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ, ನಾಚಿಕೆಗೆಟ್ಟವನು.

ಪಂಡಿತೆಗೆ ಎಲ್ಲ ತಿಳಿಯಿತು. ತಿಳಿಯದವಳಾಗಿದ್ದರೆ ನಾನು ಈ ಮಾತು ಎತ್ತುತ್ತಲೇ ಇರಲಿಲ್ಲ. ‘ಶ್ರಾವಣವಲ್ಲ, ಮೃಗಶಿರೆ’ ಎನ್ನುವುದು ನಾಲಿಗೆಯ ತುದಿಯವರೆಗೂ ಬಂತು. ಆಡಿದರೆ ಮಂದಿರ ಕೈತಪ್ಪೀತೆಂದು ಹೆದರಿದಳು. ಶಾಲು ಸರಿಮಾಡಿಕೊಂಡು, “ಪ್ರಭುಗಳ ಚಿತ್ತ” ಎಂದಳು.

ಪಂಡಿತೆಯೇ ಒಪ್ಪಿದ್ದಾಳೆ ಎಂದು ಕೇರಿ ಕೇರಿಯಲ್ಲೂ ಡಂಗುರ ಹೊಡೆಸಿದರು. ಇನ್ನು ಎದುರಾಡುವವರು ಯಾರು?

ಮಂದಿರ ಎದ್ದಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕೆರೆಯಲ್ಲಿ ಮೀನು ಮುಗಿಯಿತು. ಬೆಸ್ತರ ಹೆಂಗಸು ಒಂದು ದಿನ ನೇರ ಮಂದಿರದೊಳಕ್ಕೇ ಬಂದಳು. ಪಂಡಿತೆ ಗಡಿಬಿಡಿಯಿಂದ ಒಂದು ತೊಟ್ಟಿ ತೋರಿಸಿ, “ಬೇಜಾರು ಮಾಡಿಕೊಳ್ಳಬೇಡ ಕಣೇ, ಇಲ್ಲಿ ಒಂದು ಜೊತೆ ಉಳಿಸಿಕೊಂಡಿದ್ದೇನೆ” ಎಂದಳಂತೆ.

ಅವಳು ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಪಂಡಿತೆಯ ಮುಖಕ್ಕೇ ಅಂದಳು:

“ಮೀನಿಗೆ ಮಾತು ಬಾರದೆಂದು ನಿನ್ನನ್ನು ಕಳಿಸಿದೆವಲ್ಲ ಅಕ್ಕಾ, ಮೀನನ್ನೇ ಕಳಿಸಿದ್ದರೂ ಸಭೆಯ ನಡುವೆ ನಾಲ್ಕು ಸಲ ಒದ್ದಾಡಿಯಾದರೂ ಸಾಯುತ್ತಿತ್ತು.”