ಬೆಕ್ಕಿನ ನಾಲಿಗೆ ಒರಟಾದ ಬಗೆ

ಆಕಾಶದ ನೀಲಿ ಇನ್ನೂ ಒಣಗಿರಲಿಲ್ಲ. ಗುಡ್ಡ ಹತ್ತಿ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಗಾಳಿಗೂ ಹಳ್ಳಕ್ಕೂ ಮಾತು ಬರುತ್ತಿದ್ದ ಹೊಸ ಕಾಲ ಅದು.

ಆಗ ಒಂದು ಬೂದು ಬೆಕ್ಕಿತ್ತು. ಅದರ ಕೂದಲು ನೆಲ ಮುಟ್ಟುವಷ್ಟು ಉದ್ದ, ಮೋಡದಷ್ಟು ಮೆತ್ತಗೆ. ನಾಲಿಗೆಯೂ ಎಳೆ ಚಿಗುರಿನಷ್ಟೇ ಮೆತ್ತಗೆ. ಎಷ್ಟು ನೆಕ್ಕಿಕೊಂಡರೂ ಕೂದಲು ಒದ್ದೆಯಾಗುತ್ತಿತ್ತೇ ಹೊರತು ಸಿಕ್ಕು ಬಿಡುತ್ತಿರಲಿಲ್ಲ. ಉತ್ತರಾಣಿ ಬೀಜ ಅಂಟಿ, ಧೂಳು ಸೇರಿ, ಹೊಟ್ಟೆಯ ಕೂದಲೆಲ್ಲ ಕಂಬಳಿಯ ಹಾಗೆ ದಪ್ಪ ಜಡೆಗಟ್ಟಿತು.

ಅಷ್ಟರಲ್ಲಿ ಬೆಕ್ಕು ಮೂರು ಮರಿ ಹಾಕಿತು. ಕಣ್ಣು ಬಿಡದ ಮರಿಗಳು ಹಾಲು ಹುಡುಕಿದವು. ಒಂದೇ ಒಂದು ಮೊಲೆ ಸಿಕ್ಕಿನಿಂದ ಹೊರಗಿತ್ತು. ಅದಕ್ಕೇ ಮೂರೂ ಮುಗಿಬಿದ್ದವು. ಎಲ್ಲಕ್ಕಿಂತ ಸಣ್ಣ ಮರಿಗೆ ಹಾಲು ಸಿಗಲೇ ಇಲ್ಲ.

ಬೆಕ್ಕು ಹಳ್ಳದ ಹತ್ತಿರ ಹೋಯಿತು. ಮುಳುಗಿ ಏಳು, ಎಲ್ಲ ತೊಳೆದುಕೊಂಡು ಹೋಗುತ್ತದೆ ಎಂದಿತು ಹಳ್ಳ. ಬೆಕ್ಕು ಮುಳುಗಿ ಎದ್ದಿತು. ನೀರು ಕುಡಿದ ಸಿಕ್ಕು ಇನ್ನಷ್ಟು ಬಿಗಿಯಾಯಿತು.

ಜಾಲಿ ಮರ ತನ್ನ ಮುಳ್ಳಿಗೆ ಮೈ ಉಜ್ಜಿಕೋ ಎಂದಿತು. ಬೆಕ್ಕು ಉಜ್ಜಿಕೊಂಡಿತು. ಚರ್ಮ ಗೀರಿತು, ಸಿಕ್ಕು ಅಲ್ಲೇ ಉಳಿಯಿತು.

ಇದನ್ನೆಲ್ಲ ನೋಡುತ್ತಿದ್ದ ಗಾಳಿ ಮೆಲ್ಲಗೆ ಹೇಳಿತು. ಗುಡ್ಡದ ಆಚೆ ಮಾಳವ್ವ ಎಂಬವಳು ಕುರಿಗಳ ಉಣ್ಣೆಯ ಸಿಕ್ಕು ಬಿಡಿಸುತ್ತಾಳೆ. ಅವಳ ಕೈಯಲ್ಲಿ ಯಾವ ಕುರಿಯೂ ನೋವಿನಿಂದ ಕೂಗಿದ್ದು ಕೇಳಿಲ್ಲ. ಬೆಕ್ಕು ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗುಡ್ಡ ದಾಟಿಸಿತು.

ಮಾಳವ್ವ ಎಳೆಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದಳು. ಬೆಕ್ಕನ್ನು ಹಿಡಿಯಲು ಹೋಗಲಿಲ್ಲ. ಸುಮ್ಮನೆ ಕೈ ಮುಂದಿಟ್ಟಳು. ಬೆಕ್ಕು ಆ ಕೈ ಮೂಸಿತು, ತೊಡೆ ಹತ್ತಿತು. ಮೊದಲು ಅವಳು ಕಿವಿಯ ಹಿಂದೆ ಮಾತ್ರ ಸವರಿದಳು. ತುಂಬ ಹೊತ್ತು ಹಾಗೇ ಸವರಿದಳು. ಬೆಕ್ಕಿನ ಕಣ್ಣು ಎಳೆಯತೊಡಗಿದ ಮೇಲೆ ಹೊಟ್ಟೆಯ ಕಡೆ ಕೈ ಇಳಿಯಿತು.

ಚರ್ಮ ಜಗ್ಗದ ಹಾಗೆ ಕೂದಲ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ತುದಿಯ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿದಳು. ಬಾಲ ಪಟಪಟ ಬಡಿದರೆ ನಿಲ್ಲಿಸಿದಳು. ಬಾಲ ಸುಮ್ಮನಾದರೆ ಮತ್ತೆ ಶುರು.

ಪಕ್ಕದಲ್ಲಿ ಸಣ್ಣ ಮರಿಯ ಕೂಗು ಕ್ಷೀಣವಾಗುತ್ತಿತ್ತು.

"ಕಿತ್ತುಬಿಡವ್ವಾ," ಎಂದಿತು ಬೆಕ್ಕು. "ನೋವಾದರೆ ಆಗಲಿ."

"ಕಿತ್ತರೆ ಚರ್ಮವೂ ಜೊತೆಗೆ ಬರ್ತದೆ ತಾಯಿ," ಎಂದಳು ಮಾಳವ್ವ. "ಆಮೇಲೆ ಮರಿ ಮೂತಿ ಇಟ್ಟರೂ ನಿನಗೆ ತಡೆಯೋಕಾಗಲ್ಲ. ಸ್ವಲ್ಪ ತಾಳು."

ಬೆಕ್ಕಿಗೆ ತಾಳಲಾಗಲಿಲ್ಲ. ಮರಿಯ ಸಂಕಟ ನೋಡಲಾರದೆ ತಟ್ಟನೆ ಉಗುರು ಚಾಚಿ ಅವಳ ಕೈಯನ್ನೇ ಪರಚಿಬಿಟ್ಟಿತು. ರಕ್ತ ಬಂತು.

ಇನ್ನು ಏಟು ಬೀಳುತ್ತದೆ ಎಂದು ಬೆಕ್ಕು ಮುದುಡಿಕೊಂಡಿತು. ಏಟು ಬೀಳಲಿಲ್ಲ. ಮಾಳವ್ವ ಕೈ ಹಿಂದಕ್ಕೆ ತೆಗೆದುಕೊಂಡು ದೂರದ ಗುಡ್ಡ ನೋಡುತ್ತಾ ಕೂತಳು. ಒಂದು ಮೋಡ ಅವರ ಮೇಲೆ ಹಾದುಹೋಯಿತು. ಬೆಕ್ಕೇ ಮತ್ತೆ ಹೊಟ್ಟೆ ಮೇಲೆ ಮಾಡಿ ಮಲಗಿತು.

ಈ ಸಲ ಒಂದು ಸಿಕ್ಕು ಪೂರ್ತಿ ಬಿಟ್ಟಿತು. ಅದರಡಿ ಮಲ್ಲಿಗೆ ಮೊಗ್ಗಿನಷ್ಟು ಸಣ್ಣ ಮೊಲೆ. ಮಾಳವ್ವ ಸಣ್ಣ ಮರಿಯನ್ನು ಅಂಗೈಯಲ್ಲಿ ಎತ್ತಿ ಅಲ್ಲಿಗೆ ಹಿಡಿದಳು. ಮರಿ ತಡಕಿತು, ಕಚ್ಚಿಕೊಂಡಿತು. ಅದರ ಕೂಗು ನಿಂತಿತು. ಬೆಕ್ಕು ಕಣ್ಣು ಮುಚ್ಚಿತು.

ಉಳಿದ ಸಿಕ್ಕೆಲ್ಲ ಬಿಡುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಮೂರು ಮರಿಗಳೂ ಹಾಲು ಕುಡಿದು ನಿದ್ದೆ ಹೋದವು.

ಆಗ ಬೆಕ್ಕಿನ ಕಣ್ಣು ಮಾಳವ್ವನ ಕೈಮೇಲಿನ ಗೀರಿನ ಮೇಲೆ ಬಿತ್ತು. ಅದು ಆ ಕೈ ನೆಕ್ಕತೊಡಗಿತು. ಉಣ್ಣೆ ಬಿಡಿಸಿ ಬಿಡಿಸಿ ಜಡ್ಡುಗಟ್ಟಿದ ಬೆರಳುಗಳು ಅವು. ನೆಕ್ಕುತ್ತಾ ನೆಕ್ಕುತ್ತಾ ಆ ಒರಟುತನ ಚೂರುಚೂರೇ ಬೆಕ್ಕಿನ ನಾಲಿಗೆಗೆ ಹತ್ತಿತು.

ಬೆಕ್ಕು ಗಾಬರಿಯಾಗಿ ನಾಲಿಗೆ ಹೊರಚಾಚಿತು. ಮಾಳವ್ವ ಅದನ್ನು ಮುಟ್ಟಿ ನೋಡಿ ನಕ್ಕಳು.

"ಇರಲಿ, ಇಟ್ಟುಕೋ," ಎಂದಳು. "ದಿನಾ ನಾನೆಲ್ಲಿ ಸಿಗ್ತೀನಿ ನಿನಗೆ?"

ಅದಕ್ಕೇ ಮಗು, ಇವತ್ತಿಗೂ ಬೆಕ್ಕು ಬಿಸಿಲಲ್ಲಿ ಕೂತು ಸಾವಕಾಶವಾಗಿ ಮೈಯೆಲ್ಲ ನೆಕ್ಕಿ ನೆಕ್ಕಿ ಸಿಕ್ಕು ಬಿಡಿಸಿಕೊಳ್ಳುತ್ತದೆ; ಅದು ನಿನ್ನ ಕೈ ನೆಕ್ಕಿದಾಗ ತರಿತರಿ ಅನ್ನಿಸುತ್ತದಲ್ಲ, ಅವು ಮಾಳವ್ವನ ಬೆರಳುಗಳು.